ಮುಟ್ಟು ಹನ್ನೆರಡು ದಿನವಾದರೂ ನಿಲ್ಲುತ್ತಿಲ್ಲ

ಪ್ರಶ್ನೆ: ನನಗೆ 15 ವರ್ಷ, ಎಸ್ಸೆಸ್ಸೆಲ್ಸಿ. ದೊಡ್ಡವಳಾಗಿ ಎರಡು ವರ್ಷವಾಯಿತು. ಮುಟ್ಟಾದರೆ ಹತ್ತು–ಹನ್ನೆರಡು ದಿನ ಹೋಗುತ್ತಲೇ ಇರುತ್ತದೆ. ಎರಡು ತಾಸಿಗೊಂದು ಪ್ಯಾಡ್ ತೊಯ್ಯುತ್ತದೆ, ಗಡ್ಡೆ ಗಡ್ಡೆ ಬೀಳುತ್ತದೆ, ಮೆಟ್ಟಿಲು ಹತ್ತಿದರೆ ದಮ್ಮು. ಅವ್ವ ‘ಮೊದಮೊದಲು ಹಂಗ ಇರ್ತದ, ತಾನ ಸರಿ ಆಗ್ತದ’ ಅಂತಾಳೆ. ಔಷಧ ಅಂಗಡಿಯಿಂದ ತಂದ ಗುಳಿಗೆ ನುಂಗಿದಾಗ ನಿಂತಿತು, ಬಿಟ್ಟ ಮೂರನೇ ದಿನ ಮತ್ತೆ ಜೋರಾಯಿತು. ಡಾಕ್ಟರು ಒಳಗೆ ಪರೀಕ್ಷೆ ಮಾಡುತ್ತಾರೆಂದು ಅಂಜಿಕೆ.
– ಓದುಗಿ, ಅಣ್ಣಿಗೇರಿ

ಉತ್ತರ: ಅವ್ವ ಹೇಳಿದ್ದರಲ್ಲಿ ಅರ್ಧ ನಿಜ. ಮೊದಲ ಎರಡು–ಮೂರು ವರ್ಷ ಅಂಡ ಪ್ರತಿ ತಿಂಗಳು ಬಿಡುಗಡೆಯಾಗುವುದಿಲ್ಲ. ಹಾಗಾಗಿ ತಾರೀಖು ಹಿಂದೆಮುಂದೆ ಆಗುತ್ತದೆ, 45 ದಿನಕ್ಕೊಮ್ಮೆ ಆದರೂ ಚಿಂತಿಲ್ಲ. ಆದರೆ 7 ದಿನ ದಾಟುವುದು, ತಾಸು–ಎರಡು ತಾಸಿಗೇ ಪ್ಯಾಡ್ ತುಂಬುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುವುದು ಯಾವ ವಯಸ್ಸಿನಲ್ಲೂ ಸಹಜವಲ್ಲ. ದಮ್ಮು ಬರುತ್ತಿದೆ ಎಂದರೆ ರಕ್ತ ಕಡಿಮೆಯಾಗಿರಬಹುದು. ಈ ವಾರವೇ ಹೋಗು. ಗದಗಿನ ಜಿಮ್ಸ್ ಅಥವಾ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ನಿನಗೆ ದೂರವಲ್ಲ. ತಾಸಿಗೊಂದರಂತೆ ಸತತ ಎರಡು ಪ್ಯಾಡ್ ತುಂಬಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿದರೆ ಓಪಿಡಿ ಸಮಯ ಕಾಯಬೇಡ, 108ಕ್ಕೆ ಫೋನ್ ಮಾಡಿಸು.

ಅಂಜಿಕೆ ಬಿಡು. ನಿನ್ನ ವಯಸ್ಸಿನವರಿಗೆ ಸಾಮಾನ್ಯವಾಗಿ ಒಳಪರೀಕ್ಷೆ ಬೇಕಾಗುವುದಿಲ್ಲ. ನೀರು ಕುಡಿದು ಮೂತ್ರ ತಡೆದುಕೊಂಡರೆ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಆಗುತ್ತದೆ. ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡಿದರೆ ಅವ್ವ ಸಿಟ್ಟಾಗಬಾರದು, ಅದನ್ನು ಎಲ್ಲರಿಗೂ ಮಾಡುತ್ತಾರೆ.

ಹಿಮೋಗ್ಲೋಬಿನ್ ಒಂದನ್ನೇ ನೋಡಿ ಕಳಿಸಿದರೆ ಸಾಲದು. ಪ್ಲೇಟ್‌ಲೆಟ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನೂ ಕೇಳಿ ಮಾಡಿಸಿರಿ. ಇಷ್ಟು ಸ್ರಾವವಿರುವ ಹುಡುಗಿಯರಲ್ಲಿ ಕೆಲವರಿಗೆ ‘ವಾನ್ ವಿಲ್ಲೆಬ್ರಾಂಡ್’ ಎಂಬ ಹುಟ್ಟುಕಾಯಿಲೆ ಇರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಮಾಮೂಲಿ ಹೆಪ್ಪುಪರೀಕ್ಷೆ ಸರಿ ಬಂದರೂ ಇದು ಇರಬಹುದು. ಅದಕ್ಕೆ ಬೇರೆಯೇ ಪರೀಕ್ಷೆ. ಮೂಗಿನಿಂದ ರಕ್ತ ಹತ್ತು ನಿಮಿಷ ಮೀರಿ ಸೋರುತ್ತದೆಯೇ, ಹಲ್ಲು ಕೀಳಿಸಿದಾಗ ನಿಲ್ಲಲಿಲ್ಲವೇ, ಅಜ್ಜಿ, ಚಿಗವ್ವರಿಗೆ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತೇ ಎಂದು ಮೊದಲೇ ಮನೆಯಲ್ಲಿ ವಿಚಾರಿಸು. ಡಾಕ್ಟರು ಕೇಳದಿದ್ದರೆ ನೀನೇ ಹೇಳು.

ನೀನು ನುಂಗಿದ್ದು ಬಹುಶಃ ನೊರೆಥಿಸ್ಟಿರೋನ್ ಎಂಬ ಹಾರ್ಮೋನ್ ಗುಳಿಗೆ. ಅದು ಗರ್ಭಕೋಶದ ಒಳಪದರವನ್ನು ಹಿಡಿದಿಡುತ್ತದೆ. ಬಿಟ್ಟ 2–4 ದಿನಕ್ಕೆ ಪದರ ಕಳಚಿ ಬೀಳುತ್ತದೆ. ಅದರ ಗುಣವೇ ಹಾಗೆ. ಆ ಗುಳಿಗೆಯ ಖಾಲಿ ಪಟ್ಟಿಯನ್ನು ಡಾಕ್ಟರಿಗೆ ತೋರಿಸು. ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬರೆದುಕೊಟ್ಟರೆ ಅದು ಮುಟ್ಟಿನ ದಿನಗಳಿಗಷ್ಟೇ, ಸಾಮಾನ್ಯವಾಗಿ 500 ಮಿ.ಗ್ರಾಂ.ನ ಎರಡು ಗುಳಿಗೆ ದಿನಕ್ಕೆ ಮೂರು ಸಲ, ಹೆಚ್ಚೆಂದರೆ 5 ದಿನ. ಹೊಟ್ಟೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಬೇಡವೇ ಬೇಡ.

ರಕ್ತ ಕಡಿಮೆಯಿದ್ದರೆ ಕೊಡುವ ಕಬ್ಬಿಣದ ಗುಳಿಗೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಲಿಂಬೆಹಣ್ಣಿನ ಪಾನಕದ ಜೊತೆ ತಗೋ, ಚಹಾಕ್ಕೆ ಎರಡು ತಾಸು ಅಂತರವಿರಲಿ. ಮಲ ಕಪ್ಪಾದರೆ ಹೆದರಬೇಡ. ಹಿಮೋಗ್ಲೋಬಿನ್ 12 ದಾಟಿದ ಮೇಲೂ ಮೂರು ತಿಂಗಳು ಮುಂದುವರಿಸು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ 60 ಮಿ.ಗ್ರಾಂ. ಕಬ್ಬಿಣವಿದೆ, ರಕ್ತ ಕಡಿಮೆಯಾಗದಂತೆ ತಡೆಯಲು ಸರಿ, ಕಡಿಮೆಯಾದದ್ದನ್ನು ತುಂಬಲು ಸಾಲದು.

ಹಾರ್ಮೋನ್ ಗುಳಿಗೆ ತಗೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಮನೆಯಲ್ಲಿ ಯಾರಾದರೂ ತಡೆದರೆ, ಆ ಮಾತನ್ನು ಡಾಕ್ಟರ ಎದುರೇ ಎತ್ತಿಸು. ಅದು ಸುಳ್ಳು.