ಪಿಎಸ್‌ಪಿ 6.60ರಲ್ಲೇ ನಿಲ್ಲಬೇಕು, ಏನು ಮಾಡಲಿ?

ಪ್ರಶ್ನೆ: ಮಾವನ ಮಗ ತನ್ನ ಹಳೇ ಪಿಎಸ್‌ಪಿ 3000 (ಕೈಯಲ್ಲಿ ಹಿಡಿದು ಆಡುವ ಸೋನಿಯ ಗೇಮ್ ಯಂತ್ರ) ಕೊಟ್ಟಿದ್ದಾನೆ. ಅದರಲ್ಲಿ ಸಿಸ್ಟಮ್ ಸಾಫ್ಟ್‌ವೇರ್‌ನ 5.03 ವರ್ಷನ್ ಇದೆ. ಕೆಲವು ಗೇಮ್ ಹಾಕಿದರೆ ಅಪ್‌ಡೇಟ್ ಕೇಳುತ್ತದೆ. ಗೆಳೆಯ ‘6.60 ಸಾಕು, 6.61 ಬೇಡ’ ಅನ್ನುತ್ತಾನೆ. ಮನೆಯ ವೈಫೈಗೆ ಅದು ಸೇರುತ್ತಲೇ ಇಲ್ಲ. ಬೇಕಾದ ವರ್ಷನ್ನೇ ಹಾಕಬಹುದೇ? ಹಿಡಿಸದಿದ್ದರೆ 5.03ಕ್ಕೆ ವಾಪಸ್ ಬರಬಹುದೇ?
– ಓದುಗರು, ಹಾಸನ

ಉತ್ತರ: ವಾಪಸ್ ಬರುವ ಆಸೆ ಈಗಲೇ ಬಿಡಿ. ಸೋನಿಯ ಅಪ್‌ಡೇಟ್ ಮೇಲಕ್ಕೆ ಮಾತ್ರ ಹತ್ತುತ್ತದೆ. ಕೆಳಗಿನ ವರ್ಷನ್ ಕೊಟ್ಟರೆ ಯಂತ್ರವೇ ಬೇಡ ಅನ್ನುತ್ತದೆ. ಕೆಳಗಿಳಿಸುವ ಕಳ್ಳದಾರಿಗಳು ಇವೆ, ಆದರೆ ಮೊದಲ ಸಲ ಕೈಹಾಕುವವರಿಗೆ ನಾನು ಹೇಳುವುದಿಲ್ಲ.

ವೈಫೈ ಸೇರದೇ ಇದ್ದದ್ದು ಒಳ್ಳೇದೇ ಆಯ್ತು. ನೆಟ್ ಮೂಲಕ ಹೋದರೆ ಆಯ್ಕೆ ನಿಮ್ಮ ಕೈಯಲ್ಲಿರುವುದಿಲ್ಲ, ಅದು ಕೊನೆಯ ವರ್ಷನ್ನನ್ನೇ ತರುತ್ತದೆ. 6.60 ಬಂದದ್ದು 2011ರಲ್ಲಿ, 6.61 ಬಂದದ್ದು 2015ರಲ್ಲಿ. ಸುಮ್ನೆ ಗೇಮ್ ಆಡುವವರಿಗೆ ಎರಡರಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೂ ನಿಮಗೆ 6.60 ಬೇಕು ಅಂದರೆ ಮೆಮೊರಿ ಸ್ಟಿಕ್ (ಪಿಎಸ್‌ಪಿಗೆ ಹಾಕುವ ಮೆಮೊರಿ ಕಾರ್ಡ್) ದಾರಿ ಹಿಡಿಯಿರಿ.

ಯುಎಸ್‌ಬಿ ವೈರ್‌ನಿಂದ ಕಂಪ್ಯೂಟರ್‌ಗೆ ಸೇರಿಸಿ, ಪಿಎಸ್‌ಪಿಯಲ್ಲಿ ಯುಎಸ್‌ಬಿ ಕನೆಕ್ಷನ್ ಒತ್ತಿ. ಸ್ಟಿಕ್‌ನಲ್ಲಿ ಪಿಎಸ್‌ಪಿ (PSP) ಫೋಲ್ಡರ್, ಅದರೊಳಗೆ ಗೇಮ್ (GAME), ಅದರೊಳಗೆ ಅಪ್‌ಡೇಟ್ (UPDATE). ಇಲ್ಲದಿದ್ದರೆ ನೀವೇ ಮಾಡಿ, ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ. ಈಬೂಟ್.ಪಿಬಿಪಿ (EBOOT.PBP) ಎಂಬ ಅಪ್‌ಡೇಟ್ ಫೈಲ್ ಅಲ್ಲಿಗೆ ಹೋಗಬೇಕು. ಎಡವುವುದು ಇಲ್ಲೇ. ಯಾವ ವರ್ಷನ್ ಆದರೂ ಫೈಲ್ ಹೆಸರು ಇದೊಂದೇ! ಎರಡು ಸಲ ಡೌನ್‌ಲೋಡ್ ಮಾಡಿದ್ದರೆ ಕಂಪ್ಯೂಟರ್ ಹೆಸರಿನ ಕೊನೆಗೆ ತಾನೇ ಒಂದು ಅಂಕಿ ಸೇರಿಸಿರುತ್ತದೆ. ಆ ಅಂಕಿ ಅಳಿಸದಿದ್ದರೆ ಪಿಎಸ್‌ಪಿಗೆ ಫೈಲ್ ಕಾಣುವುದಿಲ್ಲ. ಹಾಗಾಗಿ ಗೇಮ್ ಮೆನುವಿನಲ್ಲಿ ಮೆಮೊರಿ ಸ್ಟಿಕ್ ತೆರೆದು, ಅಪ್‌ಡೇಟ್ ಚಿತ್ರದ ಪಕ್ಕ ಬರೆದಿರುವ ವರ್ಷನ್ ಓದಿ. 6.60 ಅಂತ ಇದ್ದರೆ ಮಾತ್ರ ಎಕ್ಸ್ ಬಟನ್ ಒತ್ತಿ. ‘ಕರಪ್ಟೆಡ್ ಡೇಟಾ’ ಅಂದರೆ ಫೈಲ್ ಅರ್ಧಂಬರ್ಧ ಬಂದಿದೆ, ಮತ್ತೆ ಇಳಿಸಿಕೊಳ್ಳಿ. ಹಾಂ, ಪಿಎಸ್‌ಪಿ ಗೋ ಮಾಡೆಲ್‌ಗೆ ಫೈಲೇ ಬೇರೆ. ಅದನ್ನು ತಂದು ಇದಕ್ಕೆ ಹಾಕಬೇಡಿ.

ಶುರು ಮಾಡುವ ಮೊದಲು ಬ್ಯಾಟರಿ ಮುಚ್ಚಳ ತೆಗೆದು ನೋಡಿ. ಇಷ್ಟು ವರ್ಷದ ಬ್ಯಾಟರಿ ಉಬ್ಬಿರುವುದೇ ಜಾಸ್ತಿ. ಉಬ್ಬಿದ್ದರೆ ಹಾಕಬೇಡಿ, ಒತ್ತಬೇಡಿ, ಹೊಸದು ತನ್ನಿ. ಬ್ಯಾಟರಿ ತೆಗೆದು ಬರೀ ಚಾರ್ಜರ್‌ನಲ್ಲಿ ಮಾಡೋಣ ಅಂದರೆ ಅಪ್‌ಡೇಟ್ ಒಪ್ಪುವುದಿಲ್ಲ. ಬ್ಯಾಟರಿಯಲ್ಲಿ ಚಾರ್ಜೂ ಇರಬೇಕು, ಚಾರ್ಜರ್ ಕೂಡ ಸಿಕ್ಕಿಸಿರಬೇಕು. ಅಪ್‌ಡೇಟ್ ಎಷ್ಟಾಯಿತು ಎಂದು ತೋರಿಸುವ ಪಟ್ಟಿ ಓಡುವಾಗ ಬಲಗಡೆಯ ಪವರ್ ಸ್ವಿಚ್ ಹತ್ತಿರ ಬೆರಳು ಒಯ್ಯಬೇಡಿ. ಮಧ್ಯೆ ಆರಿದರೆ ಯಂತ್ರ ಮತ್ತೆ ಏಳದೇ ಹೋಗಬಹುದು.

ಮುಗಿದ ಮೇಲೆ ಸಿಸ್ಟಮ್ ಇನ್ಫರ್ಮೇಶನ್ ತೆರೆದು 6.60 ಬಂದಿದೆಯಾ ನೋಡಿ, ಆ ಫೈಲ್ ಅಳಿಸಿಬಿಡಿ.