ಸಂಘದ ಸಭೆಯಲ್ಲಿ ಉಳಿತಾಯದ ಬಗ್ಗೆ ಮಾತಾಡುವುದಿದ್ದರೆ ಬಡ್ಡಿಯಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ಇಷ್ಟು: ಮದ್ದೂರಿನ ಹತ್ತಿರದ ನಿಮ್ಮೂರಲ್ಲಿ ಮಹಿಳಾ ಸಂಘದವರು ಸಭೆಗೆ ಕರೆದಿದ್ದಾರೆ, ಉಳಿತಾಯದ ಬಗ್ಗೆ ಅರ್ಧ ಗಂಟೆ ಮಾತಾಡಬೇಕು, ಕೇಳುವವರಿಗೆ ಬೇಸರ ಆಗಬಾರದು, ಏನು ಹೇಳಲಿ? ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ದಿನಾ ಇದೇ ವಿಷಯ ನೋಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

"ಉಳಿತಾಯ ಮಾಡಿ" ಅಂತ ಮಾತ್ರ ಮಾತು ಶುರು ಮಾಡಬೇಡಿ. ಅಲ್ಲಿ ಕೂತಿರುವ ಹೆಂಗಸರು ಆಗಲೇ ಉಳಿಸುತ್ತಿದ್ದಾರೆ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಎಷ್ಟೋ ಮನೆಯವರು ವರ್ಷವಿಡೀ ಮಾಂಸದ ಚೀಟಿ ಕಟ್ಟುತ್ತಾರೆ. ಕೂಲಿ ಸಿಗದ ವಾರದಲ್ಲೂ ಆ ಕಂತು ತಪ್ಪುವುದು ಕಡಿಮೆ. ಆ ದುಡ್ಡು ಯಾವುದಕ್ಕೆ ಅನ್ನೋದು ಗೊತ್ತು, ಯಾವ ದಿನಕ್ಕೆ ಅನ್ನೋದೂ ಗೊತ್ತು, ಕೊಡದಿದ್ದರೆ ಚೀಟಿಯವರು ಬಾಗಿಲಿಗೆ ಬಂದು ಕೇಳುತ್ತಾರೆ. ಮಗಳ ಕಾಲೇಜು ಫೀಸಿಗೆ ಇದರಲ್ಲಿ ಒಂದೂ ಇರುವುದಿಲ್ಲ. "ಕಬ್ಬಿನ ದುಡ್ಡು ಬರಲಿ, ನೋಡೋಣ" ಅನ್ನುವುದರಲ್ಲೇ ಅದು ನಿಂತುಬಿಡುತ್ತೆ. ಕಬ್ಬಿನ ದುಡ್ಡು ಬರುವ ಹೊತ್ತಿಗೆ ಗೊಬ್ಬರದ ಅಂಗಡಿ ಬಾಕಿ, ಕೈಸಾಲ, ಯಾರದೋ ಮದುವೆ ಮೂರೂ ಕಾದಿರುತ್ತವೆ.

ಹಾಗಾಗಿ ಮೊದಲ ಹತ್ತು ನಿಮಿಷ ಬಡ್ಡಿ ಲೆಕ್ಕಕ್ಕೆ ಇಡಿ. ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ಇದು ಮುಖ್ಯ.

ನಮ್ಮ ಕಡೆ ಬಡ್ಡಿ ಹೇಳುವುದು ರೂಪಾಯಿಯಲ್ಲಿ. ಮೂರು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಮೂರು. ಕೇಳಲು ಚಿಕ್ಕದು. 30,000 ರೂಪಾಯಿ ಕೈಸಾಲಕ್ಕೆ ತಿಂಗಳಿಗೆ 900, ವರ್ಷಕ್ಕೆ 10,800. ಅಸಲು ಇದ್ದ ಹಾಗೇ ಇರುತ್ತೆ. ಬ್ಯಾಂಕಿನವರ ಲೆಕ್ಕದಲ್ಲಿ ಹೇಳಿದರೆ ಇದು ಶೇ. 36. ಇದನ್ನು ಅವರ ಬಾಯಲ್ಲೇ ಹೇಳಿಸಿ. ಬೋರ್ಡ್ ಇಲ್ಲದಿದ್ದರೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗ ಸಾಕು.

ಅದರ ಪಕ್ಕದಲ್ಲೇ ಪೋಸ್ಟ್ ಆಫೀಸ್ ಆರ್.ಡಿ., ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಯ ಲೆಕ್ಕ ಬರೆಯಿರಿ. ತಿಂಗಳಿಗೆ 500ರಂತೆ ಐದು ವರ್ಷ ಕಟ್ಟಿದರೆ ಕಟ್ಟಿದ್ದು ಅದೇ 30,000. ಶೇ. 6.7 ಬಡ್ಡಿಯಲ್ಲಿ ಕೈಗೆ ಬರುವುದು ಸುಮಾರು 35,680. ಅಂದರೆ ಐದು ವರ್ಷ ಕಷ್ಟಪಟ್ಟು ಕಟ್ಟಿ ಗಳಿಸಿದ್ದು 5,680. ಅಷ್ಟೇ ಸಾಲಕ್ಕೆ ಒಂದೇ ವರ್ಷದಲ್ಲಿ ಕೈಬಿಟ್ಟದ್ದು 10,800. ಈ ಎರಡು ಅಂಕಿ ಅಕ್ಕಪಕ್ಕ ಕಂಡಾಗ ಯಾರಿಗೂ ಉಪದೇಶ ಬೇಕಾಗುವುದಿಲ್ಲ. ಮೂರು ರೂಪಾಯಿ ಬಡ್ಡಿ ಸಾಲ ಇರುವವರಿಗೆ ಆ ಸಾಲ ತೀರಿಸುವುದೇ ಮೊದಲ ಉಳಿತಾಯ. ಬೀರುವಿನಲ್ಲಿ ಒಡವೆ ಸುಮ್ನೆ ಇದ್ದರೆ ಅದನ್ನು ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ ಶೇ. 10ರ ಆಸುಪಾಸಿನ ಸಾಲ ತೆಗೆದು ಕೈಸಾಲ ಮುಗಿಸುವುದು ಎಷ್ಟೋ ವಾಸಿ. ಸಂಘದ ಸಾಲಕ್ಕೂ ಬಡ್ಡಿ ಉಂಟು. ಆದರೆ ಸಂಘದ ಸ್ವಂತ ಉಳಿತಾಯದಿಂದ ಕೊಟ್ಟ ಸಾಲದ ಬಡ್ಡಿ ಸಂಘಕ್ಕೇ ಸೇರುತ್ತೆ, ಅಂದರೆ ಆ ಹೆಂಗಸರಿಗೇ. ಇದನ್ನೂ ಹೇಳಿ, ತುಂಬ ಜನ ಇದನ್ನು ಯೋಚಿಸಿರುವುದಿಲ್ಲ.

ಮೈಕ್ರೋಫೈನಾನ್ಸ್ ವಿಷಯ ಬಂದೇ ಬರುತ್ತೆ. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ ಕಡೆ ಸಾಲದ ಕಾಟಕ್ಕೆ ಜನ ಊರು ಬಿಟ್ಟ ಸುದ್ದಿ ಎಲ್ಲರೂ ಕೇಳಿದ್ದಾರೆ. ಅದಾದ ಮೇಲೆಯೇ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಕಾನೂನು ತಂದಿದ್ದು. ರಿಸರ್ವ್ ಬ್ಯಾಂಕ್ ನಿಯಮ 2022ರಿಂದಲೇ ಇದೆ: ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ಮನೆಯ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಲೋನ್ ಕಾರ್ಡ್ ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಯಾರಾದರೂ ಒಬ್ಬರ ಕಾರ್ಡ್ ತರಿಸಿ, ಬಡ್ಡಿ ಎಲ್ಲಿ ಬರೆದಿದೆ ಅಂತ ಬೆರಳಿಟ್ಟು ತೋರಿಸಿ.

ಇನ್ನು ಉಳಿತಾಯ. ದುಡ್ಡು ಬರುವ ದಿನವೇ ತೆಗೆದಿಡಬೇಕು. ಖರ್ಚಾಗಿ ಮಿಕ್ಕಿದ್ದು ಅನ್ನೋದು ನಮ್ಮಂಥ ಮನೆಗಳಲ್ಲಿ ಇರುವುದೇ ಇಲ್ಲ, ಅಲ್ವಾ? ಹಸು ಇರುವ ಮನೆಗೆ ಡೈರಿ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತೆ. ಕಬ್ಬಿಗಿಂತ ಉಳಿತಾಯಕ್ಕೆ ಇದೇ ಸರಿಯಾದ ದುಡ್ಡು, ಚಿಕ್ಕದಾದರೂ ಹೊತ್ತಿಗೆ ಸರಿಯಾಗಿ ಬರುತ್ತೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾದ ಗೃಹಲಕ್ಷ್ಮಿಯ 2,000 ಕೂಡ ಹೆಂಗಸರ ಸ್ವಂತ ಖಾತೆಗೆ ಬೀಳುತ್ತೆ. ಅದರಲ್ಲಿ 500 ಆರ್.ಡಿ.ಗೆ ಹೋದರೂ ಮನೆ ನಡೆಯುತ್ತೆ. ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಶುರು ಮಾಡಬಹುದು. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆ, ವರ್ಷಕ್ಕೆ 250 ಕಟ್ಟಿದರೂ ನಡೆಯುತ್ತೆ. ಪಾಸ್‌ಬುಕ್ಕಿನ ಮೇಲೆ ಪೆನ್ನಿನಲ್ಲಿ "ಪಿಯುಸಿ ಫೀಸು" ಅಂತ ಬರೆಯಿಸಿ. ನಮ್ಮ ಸಂಘದಲ್ಲಿ ಹೀಗೆ ಬರೆದ ಪಾಸ್‌ಬುಕ್ಕಿನ ದುಡ್ಡನ್ನು ಮನೆಯವರು ಬೇರೆ ಖರ್ಚಿಗೆ ಕೇಳಲು ಹಿಂದೆ ಮುಂದೆ ನೋಡುತ್ತಾರೆ.

ಲೆಕ್ಕ ಬರೆಯಲು ಹೊಸ ಪುಸ್ತಕ ಕೊಳ್ಳಬೇಕಿಲ್ಲ. ಮದುವೆಯಾದ ಮನೆಗಳಲ್ಲಿ ಮುಯ್ಯಿ ಪುಸ್ತಕ ಇದ್ದೇ ಇರುತ್ತೆ. ಯಾರು ಎಷ್ಟು ಮುಯ್ಯಿ ಮಾಡಿದರು ಅನ್ನೋದನ್ನು ಇಪ್ಪತ್ತು ವರ್ಷ ಜೋಪಾನ ಮಾಡುವ ಜನ ನಾವು. ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಯಾರಿಗೆ ಎಷ್ಟು ಸಾಲ, ಎಷ್ಟು ಬಡ್ಡಿ, ಯಾವ ದಿನ ಕೊಟ್ಟೆ ಅಂತ ಬರೆದರೆ ಅಸಲು ಎಷ್ಟು ಉಳಿದಿದೆ ಅನ್ನೋ ಜಗಳವೇ ಇರುವುದಿಲ್ಲ. ಬೀಗರೂಟಕ್ಕೆ ಖರ್ಚು ಮಾಡಬೇಡಿ ಅಂತ ಮಾತ್ರ ಭಾಷಣ ಮಾಡಬೇಡಿ. ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅದಕ್ಕೂ ಮೊದಲೇ ಚೀಟಿ ಹಾಕಿ ಅಂತ ಹೇಳಿ, ಸಾಲ ಮಾಡಿ ಊಟ ಹಾಕುವುದು ತಪ್ಪುತ್ತೆ.

ಚೀಟಿ ಅಂದಾಗ ಒಂದು ಎಚ್ಚರಿಕೆ. ಗುರುತಿನವರು ನಡೆಸುವ ಚೀಟಿ ಮುಳುಗಿದರೆ ಕೇಳಲು ದಾರಿಯೇ ಇರುವುದಿಲ್ಲ. ದೊಡ್ಡ ಮೊತ್ತಕ್ಕಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಗೇ ಹಾಕಲಿ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಬ್ಯಾಂಕ್ ಮುಚ್ಚಿಹೋದರೆ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಆದರೆ ಊರಿನ ಸೊಸೈಟಿಗೆ, ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಅಲ್ಲಿ ಬಡ್ಡಿ ಜಾಸ್ತಿ ಕೊಡುತ್ತಾರೆ ಅಂತ ಇರುವುದೆಲ್ಲ ಹಾಕುವ ಮುಂಚೆ ಇದು ಗೊತ್ತಿರಲಿ.

ವಿಮೆಗೆ ಎರಡೇ ಮಾತು ಸಾಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436ಕ್ಕೆ 2 ಲಕ್ಷದ ಜೀವ ವಿಮೆ ಸಿಗುತ್ತೆ. ಜೀವ ವಿಮೆಗೆ ಸೇರಲು 18ರಿಂದ 50 ವರ್ಷದೊಳಗಿರಬೇಕು. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ದುಡ್ಡು ಇಲ್ಲದಿದ್ದರೆ ಮುಂದಿನ ವರ್ಷದ ವಿಮೆ ತಪ್ಪಿಹೋಗುತ್ತೆ. ಹಾಗೇ ಎಲ್ಲರ ಪಾಸ್‌ಬುಕ್ಕಿನಲ್ಲಿ ನಾಮಿನಿ ಇದೆಯಾ ಕೇಳಿ. ನಾಮಿನಿ ಇಲ್ಲದೆ ಗಂಡನ ಖಾತೆಯ ದುಡ್ಡಿಗೆ ತಿಂಗಳುಗಟ್ಟಲೆ ಅಲೆಯುವ ಹೆಂಗಸರನ್ನು ನೋಡಿದಾಗ ಹೊಟ್ಟೆ ಉರಿಯುತ್ತೆ. ಒಂದು ಫಾರಂ ತುಂಬಿದ್ದರೆ ಆಗುತ್ತಿತ್ತು.

ಫೋನ್ ಪೇ, ಗೂಗಲ್ ಪೇ ಬಳಸುವ ಹುಡುಗಿಯರು ಇದ್ದರೆ ಇದನ್ನು ಅವರಿಂದಲೇ ಹೇಳಿಸಿ: ದುಡ್ಡು ಬರಲು ಪಿನ್ ಹಾಕಬೇಕಾಗಿಲ್ಲ. ಮೋಸವಾದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು.

ಸಭೆಗೆ ಬರುವಾಗಲೇ ಆಧಾರ್, ಪ್ಯಾನ್ ಇದ್ದರೆ ಅದು, ಎರಡು ಫೋಟೊ, ಬ್ಯಾಂಕ್ ಪಾಸ್‌ಬುಕ್ ತರಲು ಇವತ್ತೇ ಹೇಳಿ ಕಳಿಸಿ. ಆರ್.ಡಿ. ಫಾರಂಗಳನ್ನು ಮೊದಲೇ ಪೋಸ್ಟ್ ಆಫೀಸಿನಿಂದ ತಂದಿಟ್ಟುಕೊಳ್ಳಿ. ಮಾತು ಇಪ್ಪತ್ತು ನಿಮಿಷಕ್ಕೆ ಮುಗಿಸಿ, ಉಳಿದ ಹತ್ತು ನಿಮಿಷ ಕೂತು ಫಾರಂ ತುಂಬಿಸಿ. ಮಾರನೇ ದಿನ ನಾಲ್ಕೈದು ಜನ ಜೊತೆಯಾಗಿ ಹೋಗಿ ಖಾತೆ ತೆರೆಯಲಿ. ಒಬ್ಬರೇ ಹೋಗುವುದಾದರೆ ಬಹಳ ಜನ ಹೋಗುವುದೇ ಇಲ್ಲ.