ಬಸುರಿ ಮಗಳು ಸಾಕಿದ ಸಾಲ್ಮನ್ ತಿನ್ನಬಹುದಾ?

ಪ್ರಶ್ನೆ: ಮಗಳು, ಅಳಿಯ ನಾರ್ವೆಯ ಸ್ಟವಾಂಗರ್‌ನಲ್ಲಿದ್ದಾರೆ. ಮಗಳಿಗೀಗ ಐದು ತಿಂಗಳು. ವಾರಕ್ಕೆರಡು ಸಲ ಸಾಲ್ಮನ್ ಮೀನು ತಿನ್ನುತ್ತಾಳೆ. ಸಾಕಿದ ಸಾಲ್ಮನ್‌ಗೆ ಹಾಕುವ ಮೇವಿನಲ್ಲೇ ವಿಷ ಇದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಬಂತು. ಅದನ್ನು ನೋಡಿದ ಮೇಲೆ ನಿದ್ದೆ ಇಲ್ಲ. ಬಿಡಿಸಲಾ?
– ಹೆಸರು ಬೇಡ, ಕುಂದಾಪುರ

ಉತ್ತರ: ಬಿಡಿಸಬೇಡಿ ಅಕ್ಕಾ. ವಾರಕ್ಕೆರಡು ಊಟ ಸರಿಯಾಗಿಯೇ ಇದೆ. ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ಆಮೇಲೆ ನಾರ್ವೆಯ ಬರ್ಗೆನ್‌ನ ಒಂದು ಲ್ಯಾಬ್‌ನಲ್ಲಿ ಹನ್ನೊಂದು ವರ್ಷ ಇದೇ ಮೀನು, ಇದೇ ಮೇವು ಪರೀಕ್ಷೆ ಮಾಡಿದವಳು. ನನ್ನ ಮಗ ಹೊಟ್ಟೆಯಲ್ಲಿದ್ದಾಗಲೂ ಸಾಲ್ಮನ್ ತಿಂದಿದ್ದೇನೆ.

ನಿಮಗೆ ಬಂದ ವಿಡಿಯೊ ಪೂರ್ತಿ ಸುಳ್ಳಲ್ಲ, ಹಳೆಯದು. 2004ರಲ್ಲಿ ಬೇರೆ ಬೇರೆ ದೇಶಗಳ ಸುಮಾರು 700 ಸಾಲ್ಮನ್‌ಗಳನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ ಬಂತು. ಪಿಸಿಬಿ, ಡಯಾಕ್ಸಿನ್ ಎಂಬ ವಿಷಗಳು ಕಾಡು ಸಾಲ್ಮನ್‌ಗಿಂತ ಸಾಕಿದ್ದರಲ್ಲೇ ಜಾಸ್ತಿ ಅಂತ ಅದರಲ್ಲಿ ಗೊತ್ತಾಯಿತು. ಅದು ಬಂದದ್ದು ಮೇವಿನ ಮೀನೆಣ್ಣೆಯಿಂದ. ಈ ವಿಷಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತವೆ. ಸಣ್ಣ ಮೀನಿನ ಎಣ್ಣೆ ತೆಗೆದು ಮೇವಿಗೆ ಹಾಕಿದರೆ ವಿಷವೂ ಜೊತೆಗೇ ಹೋಗುತ್ತದೆ. ನಮಗೆ ಬೇಕಾದ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಇರುವುದೂ ಅದೇ ಎಣ್ಣೆಯಲ್ಲಿ. ಇದೊಂದು ಅರ್ಥವಾದರೆ ಸಾಲ್ಮನ್ ಮೇವಿನ ಕಥೆ ಮುಕ್ಕಾಲು ಪಾಲು ಅರ್ಥವಾದ ಹಾಗೆ.

1990ರಲ್ಲಿ ನಾರ್ವೆಯ ಸಾಲ್ಮನ್ ಮೇವಿನಲ್ಲಿ ನೂರಕ್ಕೆ ಸುಮಾರು 90 ಪಾಲು ಫಿಶ್‌ಮೀಲ್ (ಒಣಗಿಸಿದ ಮೀನಿನ ಪುಡಿ) ಮತ್ತು ಮೀನೆಣ್ಣೆ. 2020ರ ಹೊತ್ತಿಗೆ ಅದು 22ರ ಆಸುಪಾಸಿಗೆ ಇಳಿದಿತ್ತು. ಉಳಿದದ್ದು ಸೋಯಾ, ಗೋಧಿ, ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆ ಇಂಥವು. ಉಳಿದ ಮೀನೆಣ್ಣೆಯನ್ನೂ ಸಕ್ರಿಯ ಇದ್ದಿಲಿನಿಂದ ಸೋಸಿ ಡಯಾಕ್ಸಿನ್ ತೆಗೆಯುವುದುಂಟು. ಹೀಗೆ ವಿಷ ಇಳಿಯಿತು. ಒಮೆಗಾ-3 ಕೂಡ ಇಳಿಯಿತು. ಸ್ಕಾಟ್ಲೆಂಡ್‌ನಲ್ಲಿ ಸಾಕಿದ ಸಾಲ್ಮನ್‌ನ 100 ಗ್ರಾಂ ತುಂಡಿನಲ್ಲಿ 2006ರಲ್ಲಿ 2.74 ಗ್ರಾಂ ಒಮೆಗಾ-3 ಇತ್ತು. 2015ಕ್ಕೆ 1.36 ಗ್ರಾಂ. ಹತ್ತಿರ ಹತ್ತಿರ ಅರ್ಧ. ಹಾಗಿದ್ದರೂ ಅಂಥ ಎರಡು ತುಂಡು ತಿಂದರೆ ಬಸುರಿಗೆ ಬೇಕಾದ ವಾರದ ಲೆಕ್ಕ ಹೆಚ್ಚುಕಡಿಮೆ ಮುಗಿಯುತ್ತದೆ. ನಾರ್ವೆಯ ಆರೋಗ್ಯ ಇಲಾಖೆ ಹೇಳುವುದು ವಾರಕ್ಕೆ 300ರಿಂದ 450 ಗ್ರಾಂ ಮೀನು, ಅದರಲ್ಲಿ 200 ಗ್ರಾಂ ಆದರೂ ಕೊಬ್ಬಿನ ಮೀನು ಅಂತ. ಮಗಳು ಅದರೊಳಗೇ ಇದ್ದಾಳೆ.

ಪರೀಕ್ಷೆ ಸುಮ್ನೆ ಕಾಗದದ ಮೇಲೆ ನಡೆಯುವುದಲ್ಲ. ಮೀನಿನ ಬೆನ್ನಿನ ರೆಕ್ಕೆಯ ಹಿಂದಿನಿಂದ ಗುದದ್ವಾರದ ತನಕ ಒಂದು ತುಂಡು ಕತ್ತರಿಸುತ್ತೇವೆ. ಪ್ರತಿ ಸಲವೂ ಅದೇ ಜಾಗ. ಚರ್ಮ ಸುಲಿದು, ಚಿಮುಟದಲ್ಲಿ ಒಂದೊಂದೇ ಮುಳ್ಳು ಕಿತ್ತು, ಚಟ್ನಿಯ ಹಾಗೆ ರುಬ್ಬುತ್ತೇವೆ. ಸಂಜೆ ಎಷ್ಟು ಸೋಪು ಹಾಕಿ ತೊಳೆದರೂ ಕೈಯ ಎಣ್ಣೆ ಜಿಡ್ಡು ಹೋಗುತ್ತಿರಲಿಲ್ಲ.

ವಿಡಿಯೊದಲ್ಲಿ ಎಥಾಕ್ಸಿಕ್ವಿನ್ ಹೆಸರೂ ಬಂದಿರಬೇಕು. ಫಿಶ್‌ಮೀಲ್ ಕೆಡದ ಹಾಗೆ ಹಾಕುತ್ತಿದ್ದ ರಾಸಾಯನಿಕ ಅದು. ಕಾಲೇಜಿನಲ್ಲಿದ್ದಾಗ ನಮ್ಮ ಕರಾವಳಿಯ ಒಂದು ಫಿಶ್‌ಮೀಲ್ ಗೋದಾಮಿಗೆ ಹೋಗಿದ್ದೆವು. ಒಟ್ಟಿದ್ದ ಗೋಣಿಗಳ ನಡುವೆ ಕೈ ತೂರಿಸಿ ನೋಡಿ ಅಂದರು. ಒಲೆಯಿಂದ ಆಗಷ್ಟೇ ಇಳಿಸಿದ ಕಾವಲಿಯ ಹಾಗೆ ಬಿಸಿ! ಮೀನಿನ ಕೊಬ್ಬು ಗಾಳಿ ತಾಗಿ ತಾನಾಗಿಯೇ ಕಾಯುತ್ತದೆ. ಹಡಗಿನಲ್ಲಾದರೆ ಬೆಂಕಿಯೇ ಹತ್ತಬಹುದು. ಅದನ್ನು ತಡೆಯಲು ಈ ರಾಸಾಯನಿಕ. ಅದು ಸುರಕ್ಷಿತ ಅನ್ನಲು ಸಾಕಷ್ಟು ಪುರಾವೆ ಸಿಗದೆ ಯುರೋಪ್ ಒಕ್ಕೂಟ 2017ರಲ್ಲಿ ಅನುಮತಿ ತಡೆಹಿಡಿಯಿತು. 2020ಕ್ಕೆ ಕೊನೆಯ ವಿನಾಯಿತಿಯೂ ಮುಗಿಯಿತು.

ನನಗೆ ಬೇಜಾರು ತರಿಸಿದ್ದು ಬೇರೆ. ಮೇವಿಗೆ ಕಾಳು, ಬೀಜ ಜಾಸ್ತಿ ಸೇರಿದ ಮೇಲೆ ಹೊಲದ ಕೀಟನಾಶಕದ ಪ್ರಶ್ನೆ ಬಂತು. 2012ರಲ್ಲಿ ಯುರೋಪ್ ಒಕ್ಕೂಟ ಸಾಲ್ಮನ್ ಮೇವಿನಲ್ಲಿ ಎಂಡೋಸಲ್ಫಾನ್ ಇರಬಹುದಾದ ಮಿತಿಯನ್ನು ಕಿಲೋಗೆ 0.005 ಮಿಲಿಗ್ರಾಂನಿಂದ 0.05ಕ್ಕೆ ಏರಿಸಿತು. ಹತ್ತು ಪಟ್ಟು. ನಾನು ಬೆಳ್ತಂಗಡಿ ಕಡೆಯವಳು. ಕೊಕ್ಕಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಅದೇ ಎಂಡೋಸಲ್ಫಾನ್ ಸುರಿದದ್ದು, ಆಮೇಲೆ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು, ಅವರನ್ನು ಎತ್ತಿಕೊಂಡೇ ಮುದುಕಿಯರಾದ ತಾಯಂದಿರು, ಇದೆಲ್ಲ ನಮ್ಮ ಕಣ್ಣೆದುರಿನದು. ಆ ಅಂಕಿ ಓದಿದ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ನಮ್ಮ ದೇಶದಲ್ಲೂ ಹೊರಗೂ 2011ರಿಂದ ಅದಕ್ಕೆ ನಿಷೇಧ ಬಿದ್ದಿದೆ, ಹಾಗಾಗಿ ಮೇವಿಗೆ ಸೇರುವ ದಾರಿಗಳೇ ಕಡಿಮೆಯಾದವು. ಆದರೆ ಮೇವು ಬದಲಾಯಿತು ಅಂತ ಮಿತಿ ಸಡಿಲ ಮಾಡಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಇನ್ನು ಮಗಳಿಗೆ ನಿಜವಾಗಿ ಹೇಳಬೇಕಾದ ಮಾತು. ಅಂಗಡಿಯಲ್ಲಿ ತೆಳ್ಳಗೆ ಹೆಚ್ಚಿ, ಗಾಳಿ ತೆಗೆದ ಪ್ಯಾಕೆಟ್‌ನಲ್ಲಿ ಇಟ್ಟಿರುತ್ತಾರಲ್ಲ, ಹೊಗೆ ಹಾಕಿದ ಸಾಲ್ಮನ್, ಉಪ್ಪು ಸಕ್ಕರೆ ಸವರಿದ ಸಾಲ್ಮನ್? ಅದು ಹೆರಿಗೆ ಆಗುವ ತನಕ ಬೇಡವೇ ಬೇಡ. ಅದು ಬೆಂದಿರುವುದಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ತಾಯಿಗೆ ಸಣ್ಣ ಜ್ವರ ಬಂದು ಹೋಗಬಹುದು, ಹೊಟ್ಟೆಯಲ್ಲಿರುವ ಕೂಸಿನ ಜೀವಕ್ಕೇ ಅಪಾಯ. ಸುಶಿಯೂ ಬೇಡ. ತುಂಡು ಎಸಳು ಎಸಳಾಗಿ ಬಿಡುವ ತನಕ ಬೇಯಿಸಿ ತಿನ್ನಲಿ. ಆ ವಿಡಿಯೊ ಕಳಿಸುವ ಬದಲು ಇದೊಂದನ್ನು ಫೋನ್ ಮಾಡಿ ಹೇಳಿ.

ಪ್ರಶ್ನೆ: ಸಾಲ್ಮನ್‌ಗೆ ಬಣ್ಣದ ಇಂಜೆಕ್ಷನ್ ಕೊಡುತ್ತಾರಂತೆ, ನಿಜವಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇಂಜೆಕ್ಷನ್ ಇಲ್ಲ. ಬಣ್ಣ ಬರುವುದು ಮೇವಿನಿಂದ. ಸಿಗಡಿ ಒಲೆಯ ಮೇಲಿಟ್ಟಾಗ ಬೂದು ಸಿಪ್ಪೆ ಕೆಂಪಾಗುತ್ತದಲ್ವಾ? ಆ ಕೆಂಪಿನ ಹೆಸರು ಅಸ್ಟಾಕ್ಸಾಂಥಿನ್. ಸಿಪ್ಪೆಯಲ್ಲಿ ಪ್ರೋಟೀನ್ ಜೊತೆ ಕಟ್ಟಿಕೊಂಡಿರುತ್ತದೆ, ಬಿಸಿ ತಾಗಿದಾಗ ಬಿಡುಗಡೆಯಾಗುತ್ತದೆ. ಕಾಡು ಸಾಲ್ಮನ್ ಸಿಗಡಿ, ಸಿಗಡಿಯಂಥದ್ದೇ ಪುಟ್ಟ ಕ್ರಿಲ್ ತಿಂದು ಕೆಂಪಾಗುತ್ತದೆ. ಸಾಕಿದ್ದಕ್ಕೆ ಅದನ್ನೇ ಮೇವಿನಲ್ಲಿ ಬೆರೆಸುತ್ತಾರೆ, ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಿಸಿದ್ದನ್ನು. ಯುರೋಪಿನಲ್ಲಿ ಕಿಲೋ ಮೇವಿಗೆ 100 ಮಿಲಿಗ್ರಾಂ ಮೀರುವಂತಿಲ್ಲ. ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಇದೆಯಲ್ಲ, ಹಾಗೆ 20ರಿಂದ 34ರ ತನಕ ನಂಬರ್ ಹಾಕಿದ ಬೀಸಣಿಗೆಯಂಥ ಕಾರ್ಡ್ ಇದೆ. ಕೊಯ್ದ ಮೀನಿನ ಪಕ್ಕ ಹಿಡಿದು ಬಣ್ಣ ನೋಡುತ್ತಾರೆ. ಗಿರಾಕಿಗೆ ಕಡುಗೆಂಪು ಬೇಕು, ಅದಕ್ಕೇ ಈ ಖರ್ಚು. ಆರೋಗ್ಯಕ್ಕೆ ಹೆದರುವಂಥದ್ದೇನೂ ಅದರಲ್ಲಿಲ್ಲ.

ಪ್ರಶ್ನೆ: ಆಂಟಿಬಯೋಟಿಕ್ ಸುರಿಯುತ್ತಾರೆ ಅನ್ನುತ್ತಾರಲ್ಲ?
– ಓದುಗರು, ಶಿರಸಿ

ಉತ್ತರ: ಯಾವ ದೇಶದ ಮೀನು ಅಂತ ಮೊದಲು ನೋಡಿ. ನಾರ್ವೆಯಲ್ಲಿ 1987ರಲ್ಲಿ ಸುಮಾರು 50 ಟನ್ ಬಳಸಿದ್ದರು. ಲಸಿಕೆ ಬಂದ ಮೇಲೆ ಅದು ಒಂದು ಟನ್‌ಗಿಂತ ಕೆಳಗಿಳಿದಿದೆ. ಮೀನಿನ ಉತ್ಪಾದನೆ ಮಾತ್ರ ಹತ್ತಾರು ಪಟ್ಟು ಏರಿದೆ. ಚಿಲಿಯಲ್ಲಿ ಈಗಲೂ ನೂರಾರು ಟನ್ ಲೆಕ್ಕ.

ಪ್ರಶ್ನೆ: ಅಪ್ಪನಿಗೆ ಹೃದಯದ ತೊಂದರೆ. ಡಾಕ್ಟರು ಒಮೆಗಾ-3 ಇರುವ ಮೀನು ಕೊಡಿ ಅಂದರು. ಸಾಲ ಮಾಡಿಯಾದರೂ ನಾರ್ವೆ ಸಾಲ್ಮನ್ ತರಲಾ?
– ಆಟೊ ಚಾಲಕ, ಬೆಂಗಳೂರು

ಉತ್ತರ: ಸಾಲ ಮಾಡಬೇಡಿ ತಮ್ಮಾ. ಬೂತಾಯಿ ತನ್ನಿ, ಬಂಗುಡೆ ತನ್ನಿ. ಸಾಲ್ಮನ್‌ಗೆ ಒಮೆಗಾ-3 ಬರಲಿ ಅಂತ ಮೇವಿಗೆ ಹಾಕುವುದು ಬೂತಾಯಿಯಂಥ ಸಣ್ಣ ಮೀನಿನ ಎಣ್ಣೆಯನ್ನೇ. ನಮ್ಮ ಕರಾವಳಿಯ ಬೂತಾಯಿಯೂ ಲೋಡುಗಟ್ಟಲೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಮನುಷ್ಯರು ತಿನ್ನುವ ಮೀನು ಅಲ್ಲಿಗೆ ಹೋಗುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ‘ಇಂಡಿಯನ್ ಸಾಲ್ಮನ್’ ಅಂತ ಮಾರುವುದು ರಾವಸ್. ಒಳ್ಳೆಯ ಮೀನೇ, ಆದರೆ ಸಾಲ್ಮನ್ ಅಲ್ಲ.

ಒಂದು ಎಚ್ಚರ. ಬೂತಾಯಿ, ಬಂಗುಡೆ ಐಸ್ ಇಲ್ಲದೆ ಬಿದ್ದಿದ್ದರೆ ಹಿಸ್ಟಮೈನ್ ಎಂಬ ಪದಾರ್ಥ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ ತುರಿಕೆ, ವಾಂತಿ ಶುರುವಾಗುತ್ತದೆ. ಹಾಗಾಗಿ ಐಸ್‌ನಲ್ಲಿ ಹೂತಿಟ್ಟದ್ದನ್ನೇ ತಗೊಳ್ಳಿ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಅಪ್ಪನಿಗೆ ಎಣ್ಣೆಯಲ್ಲಿ ಕರಿಯಬೇಡಿ, ಹುಳಿ ಹಾಕಿ ಸಾರು ಮಾಡಿ ಕೊಡಿ.